ಹಳೇ ಯೆಜ್ಡಿಗೆ ಕಡಿಮೆ ಖರ್ಚಿನಲ್ಲಿ ಹೊಸ ಕಳೆ

ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕ್ 1986ರದು, ಮೈಸೂರಿನಲ್ಲೇ ತಯಾರಾದದ್ದು. ಮೊದಲು ಎರಡೂ ಸೈಲೆನ್ಸರ್ ನೋಡಿ. ಪೆಟ್ರೋಲ್ ಜೊತೆ ಎಣ್ಣೆಯನ್ನೂ ಸುಡುವ ಟೂ-ಸ್ಟ್ರೋಕ್ ಎಂಜಿನ್ ಅಲ್ವಾ, ಎಣ್ಣೆ ಮಸಿ ಕಟ್ಟಿಕೊಂಡರೆ ಗಾಡಿ ಎಳೆಯುವುದೇ ಇಲ್ಲ. ಹೊಸದು ಕೊಳ್ಳಬೇಡಿ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಬಿಚ್ಚಿ, ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿಯಲೇಬಾರದು. ಗ್ಲೌಸ್, ಕನ್ನಡಕ ಬೇಕೇಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದುಹಾಕುತ್ತದೆ. ಸದ್ದಿಗಾಗಿ ಸುಮ್ನೆ ಬ್ಯಾಫಲ್ ತೆಗೆದು ಓಡಿಸಬೇಡಿ. ಎಳೆತ ಕೆಡುತ್ತದೆ, ದಂಡವೂ ಬೀಳುತ್ತದೆ.

ಟ್ಯಾಂಕಿನ ತುಕ್ಕನ್ನು 80 ನಂಬರಿನ ಒರಟು ಉಪ್ಪುಕಾಗದದಿಂದ ಉಜ್ಜಿ, ತಗ್ಗಿಗೆ ತೆಳ್ಳಗೆ ಪುಟ್ಟಿ ಹಚ್ಚಿ. ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ನಯ ಮಾಡಿ, ಪ್ರೈಮರ್ ಹೊಡೆಯಿರಿ. ಪುಟ್ಟಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ. ನನ್ನ ಮೊದಲ ಪ್ರಯತ್ನ ಹಾಗೇ ಹಾಳಾಯಿತು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಿ.