ಸರ್ಕಾರಕ್ಕೇ ಸಾಲ ಕೊಟ್ಟೆ: ಗೆಳೆಯರ ತಮಾಷೆ ಹಿಡಿದು ಹೊರಟ ನನ್ನ ಹೂಡಿಕೆ

ನಮ್ಮ ಗೆಳೆಯರ ಗುಂಪಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಕ್ಯಾಸೆಟ್ ಕಾಲಕ್ಕೆ ಬಂದು ನಿಲ್ಲುತ್ತದೆ. ಹಾಡಿನ ಪಟ್ಟಿ ಬರೆದು ಕೊಟ್ಟು ಖಾಲಿ ಟೇಪ್‌ಗೆ ತುಂಬಿಸಿಕೊಳ್ಳುತ್ತಿದ್ದದ್ದು, ರೀಲು ಸಡಿಲವಾದರೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದದ್ದು, 60 ನಿಮಿಷದ ಟೇಪ್‌ನಲ್ಲಿ ಒಂದು ಸೈಡ್‌ನ ಕೊನೇ ಹಾಡು ಅರ್ಧಕ್ಕೇ ಕಟ್ ಆಗುತ್ತಿದ್ದದ್ದು. ಇದೆಲ್ಲ ಎಷ್ಟು ಸಲ ಹೇಳಿಕೊಂಡರೂ ನಮಗೆ ಬೇಜಾರಾಗಿಲ್ಲ.

ಒಮ್ಮೆ ಅದೇ ಮಾತಿನ ನಡುವೆ ಒಬ್ಬ ಅಂದ, "ಆಗ ಕ್ಯಾಸೆಟ್‌ಗೆ ಸುರಿದ ದುಡ್ಡನ್ನ ಬಾಂಡ್‌ಗೆ ಹಾಕಿದ್ರೆ ದೇಶದ ಸಾಲ ನಾವೇ ತೀರಿಸಬಹುದಿತ್ತು ಕಣ್ರೋ." ತಕ್ಷಣ ಇನ್ನೊಬ್ಬ, "ಮಗಾ, ಬಾಂಡ್ ತಗೊಂಡಿದ್ರೆ ಆ ಸಾಲ ಕೊಟ್ಟವರೇ ನಾವಾಗಿರ್ತಿದ್ವಿ. ಕ್ಯಾಸೆಟ್ ಥರಾನೇ ಸಾಲಕ್ಕೂ ಎರಡು ಸೈಡ್. ಎ ಸೈಡಲ್ಲಿ ಸಾಲಗಾರ, ಬಿ ಸೈಡಲ್ಲಿ ಸಾಲ ಕೊಟ್ಟವನು. ನಾವೆಲ್ಲ ಎ ಸೈಡ್ ಒಂದನ್ನೇ ಕೇಳಿಕೊಂಡು ಕೂತಿದ್ದೀವಿ." ಎಲ್ಲರೂ ಜೋರಾಗಿ ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ, ಯಾಕೆಂದರೆ ಅದು ನಿಜ. ಸರ್ಕಾರಿ ಬಾಂಡ್ ಎಂದರೆ ಸರ್ಕಾರ ಸಾಲ ಎತ್ತುವಾಗ ಕೊಡುವ ಸಾಲಪತ್ರ, ಅದನ್ನು ಕೊಂಡವನೇ ಸಾಲ ಕೊಟ್ಟವನು.

ಬಜೆಟ್ ಲೆಕ್ಕ ತೆಗೆದು ನೋಡಿದೆ. 2025–26ರ ಕೇಂದ್ರ ಬಜೆಟ್‌ನಲ್ಲಿ ಒಟ್ಟು ಖರ್ಚಿನ ಅಂದಾಜು ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಡ್ಡಿಗೇ ಸುಮಾರು 12.76 ಲಕ್ಷ ಕೋಟಿ. ಅಂದರೆ ಸರ್ಕಾರ ಖರ್ಚು ಮಾಡುವ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿ ಹಳೇ ಸಾಲದ ಬಡ್ಡಿಗೆ ಹೋಗುತ್ತದೆ. ಇದು ಸಣ್ಣ ಮಾತಲ್ಲ, ನನಗೆ ಈಗಲೂ ಚಿಂತೆಯ ವಿಷಯವೇ. ಸಾಲವನ್ನು 2031ರ ಮಾರ್ಚ್ ಹೊತ್ತಿಗೆ ಜಿಡಿಪಿಯ ಶೇ 50ರ ಆಸುಪಾಸಿಗೆ ಇಳಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. ಇಳಿದರೆ ಒಳ್ಳೆಯದು.

ಆದರೆ ಆ ಬಡ್ಡಿ ಹೋಗುವುದು ಯಾರಿಗೆ? ಬಹುಪಾಲು ಸಾಲ ದೇಶದೊಳಗಿನದೇ, ರೂಪಾಯಿಯಲ್ಲೇ ಎತ್ತಿದ್ದು. ಕೊಟ್ಟವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿ. ಬ್ಯಾಂಕುಗಳು ತಮ್ಮಲ್ಲಿರುವ ಠೇವಣಿಯ ಶೇ 18ರಷ್ಟನ್ನು ಸರ್ಕಾರಿ ಸಾಲಪತ್ರಗಳಂಥ ಭದ್ರ ಆಸ್ತಿಯಲ್ಲಿ ಇಡಲೇಬೇಕೆಂಬ ನಿಯಮವಿದೆ. ಅಲ್ಲಿಗೆ ಎಫ್‌ಡಿ ಇಟ್ಟವರು, ಪಿಎಫ್ ಕಟ್ಟುವವರು ಎಲ್ಲರೂ ಗೊತ್ತಿಲ್ಲದೆಯೇ ಸರ್ಕಾರಕ್ಕೆ ಸಾಲ ಕೊಟ್ಟವರೇ, ಅಲ್ವಾ? ಹಾಗಿದ್ದ ಮೇಲೆ ಮಧ್ಯದಲ್ಲಿ ಯಾರೂ ಇಲ್ಲದೆ ನಾನೇ ಯಾಕೆ ಕೊಡಬಾರದು ಅನ್ನಿಸಿತು.

ಅದಕ್ಕೆ ದಾರಿ ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್. 2021ರ ನವೆಂಬರ್‌ನಲ್ಲಿ ಶುರುವಾದ ವ್ಯವಸ್ಥೆ ಇದು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್, ಇಮೇಲ್ ಇದ್ದರೆ ಮನೆಯಲ್ಲೇ ಕೂತು ಗಿಲ್ಟ್ ಖಾತೆ, ಅಂದರೆ ಸರ್ಕಾರಿ ಸಾಲಪತ್ರ ಇಟ್ಟುಕೊಳ್ಳುವ ಖಾತೆ, ತೆರೆಯಬಹುದು. ತೆರೆಯಲೂ ಇಟ್ಟುಕೊಳ್ಳಲೂ ಶುಲ್ಕವಿಲ್ಲ. ಕನಿಷ್ಠ ಮೊತ್ತ 10,000 ರೂಪಾಯಿ. ನಾಮಿನಿ ಹೆಸರನ್ನು ಆಗಲೇ ಸರಿಯಾಗಿ ತುಂಬಿ, ಮನೆಯವರಿಗೂ ಹೇಳಿಡಿ. ಯಾಕೆಂದರೆ ಇಲ್ಲಿ ಕೈಗೆ ಸಿಗುವ ಪಾಸ್‌ಬುಕ್ಕಾಗಲಿ ಬಾಂಡ್ ಪತ್ರವಾಗಲಿ ಇರುವುದಿಲ್ಲ.

ಮೊದಲು ತೆಗೆದುಕೊಂಡದ್ದು 91 ದಿನದ ಟ್ರೆಷರಿ ಬಿಲ್, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ. ಇದಕ್ಕೆ ಪ್ರತ್ಯೇಕವಾಗಿ ಬಡ್ಡಿ ಬರುವುದಿಲ್ಲ. ಕಡಿಮೆ ಬೆಲೆಗೆ ಸಿಗುತ್ತದೆ, ಅವಧಿ ಮುಗಿದಾಗ ಪೂರ್ತಿ ಮುಖಬೆಲೆ ಬರುತ್ತದೆ. ಉದಾಹರಣೆಗೆ 100 ರೂಪಾಯಿಯ ಬಿಲ್ 98.50ಕ್ಕೆ ಸಿಕ್ಕಿತು ಅನ್ನಿ. 10,000ದ ಬಿಲ್‌ಗೆ 9,850 ಕಟ್ಟುತ್ತೀರಿ, 91 ದಿನಕ್ಕೆ 10,000 ಬರುತ್ತದೆ. ವರ್ಷದ ಲೆಕ್ಕಕ್ಕೆ ಸುಮಾರು ಶೇ 6.1. ಈ ಬಿಲ್‌ಗಳನ್ನು ಹರಾಜಿನಲ್ಲಿ ಮಾರುತ್ತಾರೆ, ಸಾಮಾನ್ಯವಾಗಿ ಬುಧವಾರ. ನಮ್ಮಂಥವರು ಬೆಲೆ ಕೂಗಬೇಕಾಗಿಲ್ಲ, ಎಷ್ಟು ಮೊತ್ತಕ್ಕೆ ಬೇಕು ಎಂದು ಹೇಳಿದರೆ ಸಾಕು. ದೊಡ್ಡವರು ಪೈಪೋಟಿಯಲ್ಲಿ ಕೂಗಿದ ಬೆಲೆಗಳ ಸರಾಸರಿಗೆ ನಮಗೂ ಸಿಗುತ್ತದೆ. ದೊಡ್ಡ ಬ್ಯಾಂಕಿಗೂ ನನಗೂ ಹೆಚ್ಚುಕಮ್ಮಿ ಒಂದೇ ಬೆಲೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ.

ಆಮೇಲೆ ದೀರ್ಘಾವಧಿ ಬಾಂಡ್ ಕಡೆ ಹೋದೆ. ಪಟ್ಟಿಯಲ್ಲಿ '7.18% ಜಿಎಸ್ 2033' ಎಂಬ ಥರದ ಹೆಸರುಗಳಿರುತ್ತವೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗಬಹುದು, ಆದರೆ ಎಲ್ಲ ಮಾಹಿತಿ ಹೆಸರಲ್ಲೇ ಇದೆ. ಜಿಎಸ್ ಎಂದರೆ ಗವರ್ನಮೆಂಟ್ ಸೆಕ್ಯುರಿಟಿ, ಸರ್ಕಾರಿ ಸಾಲಪತ್ರ. 100 ರೂಪಾಯಿ ಮುಖಬೆಲೆಗೆ ವರ್ಷಕ್ಕೆ 7.18 ರೂಪಾಯಿ ಬಡ್ಡಿ, ಅದು ಆರಾರು ತಿಂಗಳಿಗೆ ಅರ್ಧರ್ಧ ಬರುತ್ತದೆ, 2033ರಲ್ಲಿ ಅಸಲು ವಾಪಸ್.

ಗೆಳೆಯರಿಗೆ ಪಟ್ಟಿ ತೋರಿಸಿದಾಗ ಅವರ ಕಣ್ಣು ಬಿದ್ದದ್ದು '7.46% ಜಿಎಸ್ 2073' ಮೇಲೆ. 2023ರ ನವೆಂಬರ್‌ನಲ್ಲಿ ಬಂದ 50 ವರ್ಷದ ಬಾಂಡ್ ಅದು. "ಗುರು, 2073ಕ್ಕೆ ನಾವೂ ಇರಲ್ಲ, ಟೇಪ್ ರೆಕಾರ್ಡರೂ ಇರಲ್ಲ. ಅಸಲು ಯಾರ ಕೈಗೆ ಕೊಡ್ತಾರೆ?" ಎಂದು ಒಬ್ಬ ಕೇಳಿದ. ತಮಾಷೆಗೆ ಕೇಳಿದ್ದಾದರೂ ಅವಧಿಯನ್ನು ಆರಿಸುವಾಗ ಅದೇ ಸರಿಯಾದ ಪ್ರಶ್ನೆ. ದುಡ್ಡು ನಮಗೆ ಯಾವಾಗ ಬೇಕೋ ಆ ವರ್ಷಕ್ಕೆ ಹತ್ತಿರದ ಬಾಂಡ್ ತೆಗೆದುಕೊಳ್ಳಬೇಕು. ಬಡ್ಡಿ ಸ್ವಲ್ಪ ಜಾಸ್ತಿ ಇದೆ ಎಂದು ಸುಮ್ನೆ ಉದ್ದದ ಬಾಂಡ್ ಕೊಳ್ಳಬಾರದು.

ಯಾಕೆ ಅಂತ ಲೆಕ್ಕ ಹಾಕಿ ತೋರಿಸಿದೆ. ಶೇ 7ರ ಹತ್ತು ವರ್ಷದ ಬಾಂಡ್ ನಿಮ್ಮಲ್ಲಿದೆ. ಮಾರುಕಟ್ಟೆಯಲ್ಲಿ ಬಡ್ಡಿ ಶೇ 8ಕ್ಕೆ ಏರಿತು. ಹೊಸ ಬಾಂಡ್ ಶೇ 8 ಕೊಡುವಾಗ ನಿಮ್ಮ ಶೇ 7ರದ್ದನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ಆಗ ನಿಮ್ಮ 100 ರೂಪಾಯಿಯ ಬಾಂಡ್ ಮಾರಲು ಹೋದರೆ ಸಿಗುವುದು ಸುಮಾರು 93. ಅದೇ 30 ವರ್ಷದ್ದಾದರೆ 89ರ ಹತ್ತಿರ. ಬಡ್ಡಿ ಇಳಿದರೆ ಇದೇ ಉಲ್ಟಾ, ಬೆಲೆ ಏರುತ್ತದೆ. ಕೊನೆಯವರೆಗೆ ಇಟ್ಟುಕೊಂಡರೆ ಪೂರ್ತಿ ನೂರು ಬಂದೇ ಬರುತ್ತದೆ. ಮಧ್ಯದಲ್ಲಿ ಮಾರಲು ಅದೇ ಪೋರ್ಟಲ್‌ನಲ್ಲಿ ಅವಕಾಶವಿದೆ. ಆದರೆ ಸಣ್ಣ ಮೊತ್ತಕ್ಕೆ ಒಳ್ಳೆಯ ಬೆಲೆ ಕೊಡುವವರು ಬೇಕೆಂದಾಗ ಸಿಗುತ್ತಾರೆ ಎಂದು ನಂಬಿ ಕೂರಬೇಡಿ.

ಸರ್ಕಾರ ರೂಪಾಯಿಯನ್ನು ವಾಪಸ್ ಕೊಡುತ್ತದೋ ಇಲ್ಲವೋ ಎಂಬ ಭಯ ನನಗಿಲ್ಲ. ಹತ್ತು ವರ್ಷದ ನಂತರ ಆ ರೂಪಾಯಿಗೆ ಏನು ಸಿಗುತ್ತದೆ ಎಂಬುದೇ ನನ್ನ ಪ್ರಶ್ನೆ. ಬೆಲೆ ಏರಿಕೆ ಶೇ 5 ಇದ್ದರೆ ಶೇ 7ರ ಬಡ್ಡಿಯಲ್ಲಿ ನಿಜವಾಗಿ ಉಳಿಯುವುದು ಸುಮಾರು 2. ಅದರ ಮೇಲೆ ತೆರಿಗೆ ಬೇರೆ. ಈ ಬಾಂಡ್‌ಗಳ ಬಡ್ಡಿಗೆ ಮೂಲದಲ್ಲೇ ತೆರಿಗೆ ಕಡಿತ ಇಲ್ಲ, ಆದರೆ ಆದಾಯಕ್ಕೆ ಸೇರಿಸಿ ನಮ್ಮ ಸ್ಲ್ಯಾಬ್ ಪ್ರಕಾರ ನಾವೇ ಕಟ್ಟಬೇಕು. ಇದೇ ಕಾರಣಕ್ಕೆ ನನ್ನ ಎಲ್ಲ ಉಳಿತಾಯವನ್ನೂ ಇಲ್ಲಿ ಹಾಕಿಲ್ಲ. ದೂರದ ಗುರಿಗಳಿಗೆ ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್) ಇದೆ. ಖಚಿತವಾಗಿ ಇಂಥ ವರ್ಷಕ್ಕೆ ಬೇಕೇ ಬೇಕು ಎನ್ನುವ ಹಣಕ್ಕೆ ಬಾಂಡ್. ಕೆಲವೇ ತಿಂಗಳಲ್ಲಿ ಬೇಕಾಗಬಹುದು ಎನ್ನುವುದಕ್ಕೆ ಟ್ರೆಷರಿ ಬಿಲ್.

ಹೊಸದಾಗಿ ಶುರು ಮಾಡುವ ಗೆಳೆಯರಿಗೆ 91 ದಿನದ ಬಿಲ್ ಒಂದನ್ನೇ ಹೇಳುತ್ತೇನೆ. ಅದು ಒಂದು ಸುತ್ತು ಮುಗಿಸಿ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಬೇಕಾದರೆ 182, 364 ದಿನದ್ದು ನೋಡಲಿ. ಬಿಲ್‌ಗಳಿಗೆ ತಾನಾಗಿಯೇ ಬಿಡ್ ಹಾಕುವ ಸೌಲಭ್ಯವೂ 2025ರಲ್ಲಿ ಬಂದಿದೆ. ಆದರೆ ಮೊದಲ ಹರಾಜಿಗಾದರೂ ಕೈಯಾರೆ ಬಿಡ್ ಹಾಕಿ, ಎಷ್ಟಕ್ಕೆ ಸಿಕ್ಕಿತು ಎಂದು ನೋಡಿ, ಲಾಭದ ಲೆಕ್ಕ ತಾವೇ ಹಾಕಿಕೊಳ್ಳಲಿ.