ಗಡಿ ದಾಟಿ ಕಾಸರಗೋಡಿಗೆ ಬಂದಿದ್ದೀರಾ? ಮೊದಲು ನಿಮ್ಮ ವಾರ್ಡಿನ ಆಶಾ ಅಕ್ಕನ ಪರಿಚಯ ಮಾಡಿಕೊಳ್ಳಿ

ಮದುವೆಯಾಗಿ ಬಂದವರು, ಬ್ಯಾಂಕಿಗೆ ವರ್ಗವಾಗಿ ಬಂದವರು, ತೋಟದ ಕೆಲಸಕ್ಕೆ ಬಂದವರು, ಯಾರೇ ಇರಲಿ, ಮೊದಲ ವಾರ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಇಲ್ಲಿ ಒಳ್ಳೆ ಆಸ್ಪತ್ರೆ ಯಾವುದು?" ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಹೇಳುತ್ತಾರೆ. "ಮಂಗಳೂರಿಗೇ ಹೋಗಬೇಕು ಅಲ್ವಾ?"

17 ವರ್ಷದ ಹಿಂದೆ ಶಿರಸಿ ಕಡೆಯಿಂದ ಪೆರ್ಲದ ಹತ್ತಿರದ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದಾಗ ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡ ಆಪರೇಷನ್ನಿಗೆ ಇಲ್ಲಿನವರು ಮಂಗಳೂರಿಗೆ ಹೋಗುವುದು ನಿಜ. ಆದರೆ 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ಜೀವ ಹೋದವರಿದ್ದಾರೆ. ಆ ದಿನಗಳಲ್ಲಿ ಮಾವನ ಬಿಪಿ ಮಾತ್ರೆ ಮುಗಿದಿತ್ತು. ಅದನ್ನು ಕವರಿನಲ್ಲಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದದ್ದು ನಮ್ಮ ವಾರ್ಡಿನ ಆಶಾ ಅಕ್ಕ. ಮಾವನ ಹೆಸರು, ಮಾತ್ರೆ, ಯಾವತ್ತಿಗೆ ಮುಗಿಯುತ್ತದೆ ಅನ್ನುವುದು ಎಲ್ಲ ಅವರ ಪುಸ್ತಕದಲ್ಲಿತ್ತು. ಆಸ್ಪತ್ರೆ ಅಂದರೆ ನಾವು ಹೋಗುವ ಜಾಗ ಅಂತ ಮಾತ್ರ ತಿಳಿದಿದ್ದ ನನಗೆ, ಅದು ನಮ್ಮನೆಗೂ ಬರುತ್ತದೆ ಅಂತ ಗೊತ್ತಾದದ್ದು ಅವತ್ತೇ.

ಹಾಗಾಗಿ ಬಂದ ತಕ್ಷಣ ಮಾಡಬೇಕಾದ ಕೆಲಸ ಇದು. ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರ ಎಲ್ಲಿದೆ, ವಾರ್ಡಿನ ಆಶಾ ಕಾರ್ಯಕರ್ತೆ ಯಾರು ಅಂತ ಪಕ್ಕದ ಮನೆಯಲ್ಲಿ ಕೇಳಿಕೊಳ್ಳಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುತ್ತಿದ್ದದ್ದನ್ನೇ 2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಲ್ಲಿ ಒಂದೊಂದಾಗಿ ಕುಟುಂಬಾರೋಗ್ಯ ಕೇಂದ್ರ ಮಾಡಿದರು. ಹಲವು ಕಡೆ ಸಂಜೆ 6ರವರೆಗೆ ಡಾಕ್ಟರು ಸಿಗುತ್ತಾರೆ. ಬಿಪಿ, ಶುಗರ್ ಪರೀಕ್ಷೆ ಅಲ್ಲೇ ಆಗುತ್ತದೆ, ಮಾತ್ರೆಯೂ ಅಲ್ಲೇ ಸಿಗುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಇವೆ. ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡದಲ್ಲಿ ಚಿಕಿತ್ಸೆ ಶುರುವಾದದ್ದೇ 2020ರ ಏಪ್ರಿಲಿನಲ್ಲಿ, ಕೊರೊನಾ ಆಸ್ಪತ್ರೆಯಾಗಿ.

ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದು ಇದಕ್ಕೇ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಸಿಬ್ಬಂದಿಯಲ್ಲಿ ಕನ್ನಡವೋ ತುಳುವೋ ಬರುವವರು ಒಬ್ಬರಾದರೂ ಇರುತ್ತಾರೆ. ಡಾಕ್ಟರು ಮಾತ್ರ ತೆಂಕಣ ಜಿಲ್ಲೆಯಿಂದ ಬಂದವರಾಗಿರಬಹುದು. ಅವರು "ಪನಿ ಉಂಡೋ?" ಅಂದರೆ ಜ್ವರ ಇದೆಯಾ ಅಂತ. "ಪಣಿ" ಅಂದರೆ ಕೆಲಸ. ನಮ್ಮ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ. ಚುಮ ಅಂದರೆ ಕೆಮ್ಮು, ತಲಕರಕ್ಕಂ ಅಂದರೆ ತಲೆಸುತ್ತು, ಮರುನ್ನು ಅಂದರೆ ಮದ್ದು, ಪ್ರಮೇಹಂ ಅಂದರೆ ಸಕ್ಕರೆ ಕಾಯಿಲೆ. "ವೆರುಂ ವಯಟ್ಟಿಲ್" ಅಂದರೆ ಖಾಲಿ ಹೊಟ್ಟೆಯಲ್ಲಿ. ಈ ಕೊನೆಯದನ್ನು ಬಾಯಿಪಾಠ ಮಾಡಿಕೊಳ್ಳಿ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕವರಿನ ಮೇಲೆ ಮಲಯಾಳದಲ್ಲಿ ಬರೆದುಕೊಟ್ಟದ್ದು ನನಗೆ ಓದಲು ಬರಲಿಲ್ಲ. ಊಟಕ್ಕೆ ಮೊದಲು ನುಂಗಬೇಕಾದ ಮಾತ್ರೆಯನ್ನು ವಾರವಿಡೀ ಊಟದ ನಂತರ ನುಂಗಿದ್ದೆ. ಈಗ ಎಲ್ಲೇ ಹೋದರೂ 1-0-1 ಅಂತ ಅಂಕೆಯಲ್ಲಿ ಬರೆಸಿಕೊಳ್ಳುತ್ತೇನೆ. ಊಟಕ್ಕೆ ಮೊದಲೋ ನಂತರವೋ ಅನ್ನುವುದನ್ನು ಅಲ್ಲೇ ನಿಂತು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇನ್ನೊಂದು ವಿಷಯ. ಇಲ್ಲಿ ಕನ್ನಡದವರು ಭಾಷಾ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕನ್ನು ಕೇರಳದ ಭಾಷಾ ಕಾನೂನೇ ಕೊಟ್ಟಿದೆ. ಆರೋಗ್ಯ ಇಲಾಖೆಗೆ ಅರ್ಜಿ, ದೂರು ಏನಿದ್ದರೂ ಕನ್ನಡದಲ್ಲೇ ಬರೆಯಿರಿ.

ಮಳೆಗಾಲ ಬಂತು ಅಂದರೆ ಆರೋಗ್ಯ ಕೇಂದ್ರದವರು ಮನೆಮನೆಗೆ ಬರುತ್ತಾರೆ. ಒಂದು ಮಳೆಗಾಲದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಒಬ್ಬರು ಆಶಾ ಅಕ್ಕನ ಜೊತೆ ಬಂದು ಸೀದಾ ತೋಟಕ್ಕೆ ಇಳಿದರು. ಇವರು ಯಾಕೆ ನಮ್ಮ ತೋಟ ನೋಡುತ್ತಾರೆ ಅಂತ ನನಗೆ ಕಸಿವಿಸಿ. ಬಿದ್ದಿದ್ದ ಒಂದು ಅಡಿಕೆ ಹಾಳೆಯನ್ನು ಅವರು ಮೆಲ್ಲಗೆ ಎತ್ತಿ, ಅದರಲ್ಲಿ ನಿಂತಿದ್ದ ನೀರನ್ನು ಟಾರ್ಚ್ ಹಾಕಿ ತೋರಿಸಿದರು. ಒಂದು ಲೋಟದಷ್ಟೂ ನೀರಿರಲಿಲ್ಲ. ಅದರಲ್ಲಿ ಕೂದಲೆಳೆಯಂಥ ಹುಳಗಳು ಕೊಂಕಿ ಕೊಂಕಿ ಮೇಲೆ ಕೆಳಗೆ ಓಡಾಡುತ್ತಿದ್ದವು. "ಕೂತ್ತಾಡಿ" ಅಂದರು. ಡೆಂಗಿ ಸೊಳ್ಳೆಯ ಮರಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರೈ ಡೇ ಮಾಡಿ, ಅಂದರೆ ನಿಂತ ನೀರನ್ನೆಲ್ಲ ಚೆಲ್ಲಿ ಅನ್ನುವುದು. ಹಾಳೆ, ಕೊಕ್ಕೊ ಸಿಪ್ಪೆ, ತೆಂಗಿನ ಚಿಪ್ಪು, ರಬ್ಬರ್ ಕಪ್, ಫ್ರಿಜ್ ಹಿಂದಿನ ಟ್ರೇ, ಎಲ್ಲವನ್ನೂ ಕವುಚಿ ಹಾಕಬೇಕು. ಈ ಸೊಳ್ಳೆ ಹಗಲು ಕಚ್ಚುತ್ತದೆ. ರಾತ್ರಿ ಸೊಳ್ಳೆಪರದೆ ಕಟ್ಟಿದ್ದೇನೆ ಅಂತ ಸುಮ್ಮನೆ ಕೂರಬೇಡಿ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಇಲಿಜ್ವರದ ವಿಷಯ ತಿಳಿದಿರಲೇಬೇಕು. ಇಲಿಯ ಮೂತ್ರ ಸೇರಿದ ಕೆಸರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಕೆಸರಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ ನುಂಗಲು ಡಾಕ್ಸಿಸೈಕ್ಲಿನ್ ಮಾತ್ರೆ ಆರೋಗ್ಯ ಕೇಂದ್ರದಲ್ಲೇ ಕೊಡುತ್ತಾರೆ. ಅವರನ್ನು ಕೇಳಿಯೇ ನುಂಗಿ, ಗರ್ಭಿಣಿಯಾಗಿದ್ದರೆ ಆ ವಿಷಯ ಹೇಳದೆ ಮಾತ್ರೆ ತೆಗೆದುಕೊಳ್ಳಲೇಬೇಡಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಬಂದರೆ ಬೇಡ ಅನ್ನಬೇಡಿ, ಕಾಮಾಲೆ ಹರಡುವುದು ನೀರಿನಿಂದ.

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಗೆ ಬಂದವರು ಇನ್ನೊಂದು ಸಂಗತಿ ತಿಳಿದಿರಬೇಕು. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಪಡ್ರೆ, ಸ್ವರ್ಗ ಭಾಗದ ಮನೆಗಳಲ್ಲಿ ಯಾಕಿಷ್ಟು ಮಕ್ಕಳಿಗೆ ಕಾಯಿಲೆ, ಅಂಗವೈಕಲ್ಯ ಬರುತ್ತಿದೆ ಅಂತ ಮೊದಲು ಗಮನಿಸಿ ಬರೆದವರು ವಾಣಿನಗರದಲ್ಲೇ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಊರಿನೊಳಗಿನ ಒಬ್ಬ ವೈದ್ಯರು ಮನೆಮನೆಯ ಕಷ್ಟವನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ ಅದು ಹೊರಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಷೇಧಿಸಿತು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ 2017ರಲ್ಲಿ ಹೇಳಿತು. ಆ ಮಕ್ಕಳಲ್ಲಿ ಹಲವರು ಈಗ ದೊಡ್ಡವರು, ನೋಡಿಕೊಳ್ಳುವ ಅಮ್ಮಂದಿರಿಗೆ ವಯಸ್ಸಾಗಿದೆ. ವಿಶೇಷ ಮಕ್ಕಳಿಗಾಗಿ ಇರುವ ಪಂಚಾಯತಿನ ಬಡ್ಸ್ ಶಾಲೆಗೆ ಹೋಗಿ ಬರುವಾಗ ದಾರಿಯಲ್ಲಿ ಅವರು ಸಿಕ್ಕರೆ ಎಲ್ಲರ ಹಾಗೆ ಮಾತಾಡಿಸಿ. ನೋಡಿದ ಕೂಡಲೇ ಕಾಯಿಲೆಯ ಬಗ್ಗೆ ಕೇಳಬೇಡಿ. ಫೋಟೋ ಅಂತೂ ಬೇಡವೇ ಬೇಡ.

ಪಾಲಿಯೇಟಿವ್ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ವ್ಯವಸ್ಥೆ ಅದು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಒಂದು ಕ್ಲಿನಿಕ್ಕಾಗಿ ಶುರುವಾದದ್ದು, 2008ರಲ್ಲಿ ಕೇರಳ ಸರಕಾರದ ನೀತಿಯೇ ಆಯಿತು. ಈಗ ಪಂಚಾಯತೇ ದುಡ್ಡು ಇಡುತ್ತದೆ. ನಮ್ಮ ಅತ್ತೆಗೆ ಪಾರ್ಶ್ವವಾಯು ಆಗಿ ಎರಡು ವರ್ಷ ಮಲಗಿದಲ್ಲೇ ಇದ್ದರು. ಸೊಂಟದ ಹತ್ತಿರ ಐದು ರೂಪಾಯಿ ನಾಣ್ಯದಷ್ಟು ಹುಣ್ಣಾಗಿತ್ತು. ನಾನು ಪೌಡರ್ ಹಾಕುತ್ತಿದ್ದೆ. ಜೀಪಿನಲ್ಲಿ ಬಂದ ನರ್ಸ್ ಮೊದಲು ಪೌಡರನ್ನೆಲ್ಲ ತೊಳೆದರು. ಸಲೈನಿನಲ್ಲಿ ಒರೆಸಿ ಡ್ರೆಸ್ಸಿಂಗ್ ಮಾಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಹೇಗೆ ಬದಲಿಸಬೇಕು, ಮೊಣಕಾಲಿನ ನಡುವೆ ದಿಂಬು ಎಲ್ಲಿಡಬೇಕು ಅಂತ ನನ್ನ ಕೈಯಲ್ಲೇ ಮಾಡಿಸಿದರು. ಮೂತ್ರದ ಟ್ಯೂಬು ಬದಲಿಸಿ ಕೈ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತರು. ಅತ್ತೆಯ ಬಗ್ಗೆ ಏನೋ ಹೇಳುತ್ತಾರೆ ಅಂದುಕೊಂಡೆ. "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂತ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಎದ್ದು ಹೋಗಲಿಲ್ಲ, ಚಹಾ ಆರುವವರೆಗೂ ಕೂತರು.

ಆರೋಗ್ಯ ಕೇಂದ್ರದಲ್ಲಿ "ಆಶ್ವಾಸಂ" ಅಂತ ಒಂದು ಕ್ಲಿನಿಕ್ ಇದೆ ಅಂತ ನನಗೆ ಹೇಳಿದ್ದು ಅವರೇ. ಮನಸ್ಸು ಕುಗ್ಗಿದವರ ಜೊತೆ ಮಾತಾಡಿ, ಬೇಕಾದರೆ ಮದ್ದು ಕೊಡುವ ಕ್ಲಿನಿಕ್. ಭಾಷೆ ಬಾರದ ಊರು, ಸುತ್ತ ತೋಟ, ಹತ್ತಿರ ಮನೆಯಿಲ್ಲ, ಮಳೆ ಬಿಡುವುದಿಲ್ಲ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಎಷ್ಟು ಭಾರ ಅಂತ ನನಗೆ ಗೊತ್ತು. ಊಟ ಸೇರದೆ, ನಿದ್ದೆ ಬಾರದೆ ಎರಡು ವಾರ ಕಳೆದರೆ ಹೋಗಿ ಬನ್ನಿ. ಒಬ್ಬರೇ ಹೋಗಲು ಕಷ್ಟವಾದರೆ ಆಶಾ ಅಕ್ಕನಿಗೆ ಹೇಳಿ, ಜೊತೆಗೆ ಬರುತ್ತಾರೆ.

ನಂಬರು ಎರಡೇ ಸಾಕು. ಆಂಬುಲೆನ್ಸಿಗೆ 108, ಸಲಹೆಗೆ ಸರಕಾರದ ಆರೋಗ್ಯ ಸಹಾಯವಾಣಿ ದಿಶಾದ 1056. ನಾಯಿ ಕಚ್ಚಿದರೆ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ.

ಚಿಕ್ಕ ಮಕ್ಕಳಿದ್ದರೆ ಬುಧವಾರ ನೆನಪಿಡಿ. ಇಲ್ಲಿ ಚುಚ್ಚುಮದ್ದು ಹಾಕುವುದು ಬುಧವಾರ. ಊರಲ್ಲಿ ಯಾವ ಯಾವ ಲಸಿಕೆ ಆಗಿದೆ ಅಂತ ಸಿಸ್ಟರ್ ಮೊದಲು ಕೇಳುತ್ತಾರೆ. ಕರ್ನಾಟಕದ ತಾಯಿ ಕಾರ್ಡ್ ಅಮ್ಮನ ಮನೆಯಲ್ಲೇ ಉಳಿದಿದ್ದರೆ, ಒಳಗಿನ ಪುಟಗಳ ಫೋಟೋ ತೆಗೆದು ಕಳಿಸಲು ಇವತ್ತೇ ಫೋನ್ ಮಾಡಿ ಹೇಳಿ.