ಮರಳುಗಾಡಿನ ಓಟಕ್ಕೆ ಬುತ್ತಿ ಕಟ್ಟುವುದು ಹೇಗೆ?

ಮೊರಾಕ್ಕೋದ ಸಹಾರಾದಲ್ಲಿ 1986ರಿಂದ ನಡೆಯುತ್ತಿರುವ ‘ಮ್ಯಾರಥಾನ್ ದೆ ಸಾಬ್ಲ್’ ಸುಮಾರು 250 ಕಿ.ಮೀ. ಓಟ. ಹಲವು ದಿನ ಹಿಡಿಯುತ್ತದೆ. ನೀರು, ಟೆಂಟು ಸಂಘಟಕರದು. ಹೊದಿಕೆ, ಊಟ ಎಲ್ಲ ನಿಮ್ಮ ಬೆನ್ನ ಮೇಲೆ. ಹೊರಡುವಾಗ ನೀರು ಬಿಟ್ಟು ಚೀಲ 6.5 ಕೆ.ಜಿ.ಗಿಂತ ಕಡಿಮೆ ಇರಬಾರದು, 15 ದಾಟಬಾರದು. ದಿನಕ್ಕೆ ಕನಿಷ್ಠ 2,000 ಕ್ಯಾಲರಿ ಊಟ ಇರಲೇಬೇಕು.

ತುಮಕೂರಿನ ನಮ್ಮ ಗುಂಪಿನಲ್ಲಿ ಶೂ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಆಗುತ್ತದೆ. ಊಟವನ್ನು ಮಾತ್ರ ಹಿಂದಿನ ರಾತ್ರಿ ತುರುಕುತ್ತಾರೆ. ಗೆಳೆಯನೊಬ್ಬನ ಚೀಲ 13 ಕೆ.ಜಿ. ತೂಗಿತು. ಬಿಚ್ಚಿದರೆ ನಿಪ್ಪಟ್ಟು, ಖರ್ಜೂರ, ಮತ್ತೆ ನಿಪ್ಪಟ್ಟು.

1. ತೂಗಿ, ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮಲಗುವ ಚೀಲ, ತಲೆದೀಪ, ದಿಕ್ಸೂಚಿ, ಸೀಟಿ, ಚಾಕು ಕಡ್ಡಾಯ. ಅದರಲ್ಲಿ ಚೌಕಾಸಿ ಇಲ್ಲ. ಎರಡನೇ ಟೀ ಶರ್ಟ್ ಮನೆಯಲ್ಲೇ ಇರಲಿ.

2. ಊಟದ ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲೇ. ರುಚಿ ನೋಡುವ ಮೊದಲು 100 ಗ್ರಾಂಗೆ ಎಷ್ಟು ಕ್ಯಾಲರಿ ಅಂತ ನೋಡಿ. ಖರ್ಜೂರದಲ್ಲಿ ಸುಮಾರು 280, ರಾಗಿ ಹುರಿಹಿಟ್ಟಿನಲ್ಲಿ 330, ಅವಲಕ್ಕಿಯಲ್ಲಿ 350, ಬೆಲ್ಲದಲ್ಲಿ 380. ಕಡಲೆಕಾಯಿ ಬೀಜದಲ್ಲಿ 570, ಒಣಕೊಬ್ಬರಿಯಲ್ಲಿ 660. ಖರ್ಜೂರವನ್ನೇ ನಂಬಿದರೆ ಏಳು ದಿನಕ್ಕೆ 5 ಕೆ.ಜಿ. ಹೊರಬೇಕು!

ನಾನು ಹಾಕುವ ಒಂದು ದಿನದ ಲೆಕ್ಕ ಇದು: ತೆಳು ಅವಲಕ್ಕಿ 150 ಗ್ರಾಂ, ಹುರಿಹಿಟ್ಟು 100, ಹುರಿದ ಕಡಲೆಕಾಯಿ ಬೀಜ 100, ತಿಪಟೂರಿನ ಕೊಬ್ಬರಿ 60, ಪುಡಿ ಬೆಲ್ಲ 50. ಒಟ್ಟು 460 ಗ್ರಾಂ, 2,000 ಕ್ಯಾಲರಿಗೆ ಸ್ವಲ್ಪ ಜಾಸ್ತಿ. ಏಳು ದಿನಕ್ಕೆ 3.2 ಕೆ.ಜಿ. ಓಡುವ ದೇಹ ಇದಕ್ಕಿಂತ ಹೆಚ್ಚು ಸುಡುತ್ತದೆ, ನಿಜ. ಹಸಿವು ಜಾಸ್ತಿ ಇರುವವರು ಬೀಜ, ಕೊಬ್ಬರಿಯನ್ನೇ ಹೆಚ್ಚಿಸಲಿ.

ಯಾವಾಗ ತಿನ್ನುತ್ತೀರಿ ಅನ್ನುವುದೂ ಮುಖ್ಯ. ಕೊಬ್ಬರಿ, ಬೀಜದ ಎಣ್ಣೆ ಅಂಶ ಓಡುವಾಗ ಹೊಟ್ಟೆಯಲ್ಲಿ ಭಾರ. ಅವು ಸಂಜೆಗೆ. ದಾರಿಯಲ್ಲಿ ಹುರಿಹಿಟ್ಟು, ಬೆಲ್ಲವನ್ನು ಬಾಟಲಿಗೆ ಹಾಕಿ, ನೀರು ಬೆರೆಸಿ, ಕುಲುಕಿ ಕುಡಿಯಿರಿ. ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಿಗೆ ಮೆತ್ತಿಕೊಳ್ಳುತ್ತದೆ. ನಿಪ್ಪಟ್ಟು, ಚಕ್ಕುಲಿಯೂ ಅಷ್ಟೆ. ಬಾಯಿ ಒಣಗಿದಾಗ ಅಂಗುಳ ಗೀರುತ್ತದೆ.

ಎರಡು ಮೂರು ದಿನ ಕಳೆದರೆ ಸಿಹಿ ಕಂಡರೆ ವಾಕರಿಕೆ. ಅದಕ್ಕೆ ಉಪ್ಪು, ಹುಳಿ, ಖಾರದ ಚಟ್ನಿಪುಡಿ ಬೇಕೇ ಬೇಕು. ಬೆವರಲ್ಲಿ ಹೋದ ಉಪ್ಪೂ ಸ್ವಲ್ಪ ವಾಪಸ್ ಬರುತ್ತದೆ. ಉಪ್ಪಿನಕಾಯಿ ಬೇಡ. ಎಣ್ಣೆ ಸೋರಿ ಮಲಗುವ ಚೀಲ ಹಾಳಾದದ್ದನ್ನು ಕಣ್ಣಾರೆ ನೋಡಿದ್ದೇನೆ.

ಒಲೆ ಒಯ್ಯಬೇಕಾ? ಬೇಡ ಅಂತೀನಿ. ತೆಳು ಅವಲಕ್ಕಿ ತಣ್ಣೀರಲ್ಲೇ ನೆನೆಯುತ್ತದೆ. ಒಲೆ, ಇಂಧನ, ಪಾತ್ರೆ ಮೂರರ ತೂಕವೂ ಉಳಿಯಿತು. ದುಬಾರಿ ‘ಎನರ್ಜಿ’ ಬಾರ್‌ಗಳ ಕಥೆಯೂ ಹೀಗೇ. ಮೇಲಿನ ಚಾಕೊಲೇಟ್ ಬಿಸಿಲಿಗೆ ಕರಗಿ ಕವರಿಗೇ ಅಂಟುತ್ತದೆ. ಕವರ್ ನೆಕ್ಕೋದು ಯಾರು?

3. ದಿನದ ಪೊಟ್ಟಣ ಕಟ್ಟಿ. ಡಬ್ಬಿ, ಪೆಟ್ಟಿಗೆ ಎಲ್ಲ ಎಸೆದು ಜಿಪ್ ಕವರಿಗೆ ಹಾಕಿ, ದಿನದ ಸಂಖ್ಯೆ ಬರೆಯಿರಿ. ಕ್ಯಾಲರಿ ಅಚ್ಚಾದ ಲೇಬಲ್ ಕತ್ತರಿಸಿ ಒಳಗಿಡಿ, ತಪಾಸಣೆಯಲ್ಲಿ ಕೇಳುತ್ತಾರೆ. ಅದಕ್ಕೇ ಮನೆಯ ಹುರಿಹಿಟ್ಟಿನ ಬದಲು ಲೇಬಲ್ ಇರುವ ಪ್ಯಾಕೆಟ್ ತಗೊಳ್ಳಿ. ಅಜ್ಜಿಗೆ ಬೇಜಾರಾಗಬಹುದು.

4. ಹೊತ್ತು ಓಡಿ ನೋಡಿ. ಏಪ್ರಿಲ್ ಬಿಸಿಲಲ್ಲಿ ಪಾವಗಡದ ಕಡೆ ಒಂದು ದಿನ ಹೋಗಿ. ತುಂಬಿದ ಚೀಲದ ಮೇಲೆ ಒಂದೂವರೆ ಲೀಟರ್ ನೀರು ಇರಲಿ, ಅಂದರೆ ಇನ್ನೂ ಒಂದೂವರೆ ಕೆ.ಜಿ. ಜಾಸ್ತಿ. ಭಾರವಾದ ಸಾಮಾನು ಬೆನ್ನಿಗೆ ಒತ್ತಿಕೊಂಡು ಮೇಲಿರಲಿ, ಕೆಳಗೆ ಜೋತಾಡಿದರೆ ಸೊಂಟ ಹಿಡಿಯುತ್ತದೆ. ಮಧ್ಯಾಹ್ನ ಅದೇ ಅವಲಕ್ಕಿಯನ್ನು ಬಿಸಿಯಾದ ಬಾಟಲಿ ನೀರಲ್ಲಿ ನೆನೆಸಿ ತಿನ್ನಿ. ಒಳಗೆ ಹೋಗದಿದ್ದರೆ ಆ ರಾತ್ರಿಯೇ ಪಟ್ಟಿ ಬದಲಿಸಿ.